ಇಪ್ಪತ್ತೊಂದು ವರ್ಷಗಳ ಕಂದಕ

(ಯುವಕರಿಗಾಗಿ ಏರ್ಪಡಿಸಲಾಗಿದ್ದ ಇತಿಹಾಸ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಒಂದು ಪದದಿಂದ ಮಾತು ಆರಂಭಿಸುತ್ತೇನೆ. ಅದು ‘ಕಂದಕ’. ಕೋಟೆಯ ಸುತ್ತ ತೋಡಿದ ಅಗಳಿಗೆ ನಾವು ಕನ್ನಡದಲ್ಲಿ ಕಂದಕ ಎನ್ನುತ್ತೇವೆ. ಪ್ರವಾದಿ ಚರಿತ್ರೆಯನ್ನು ಓದಿದವರಿಗೆ ‘ಖಂದಕ್’ ಯುದ್ಧ ಗೊತ್ತು. ಕ್ರಿ.ಶ. 627ರಲ್ಲಿ ಸಲ್ಮಾನ್ ಫಾರ್ಸಿಯವರ ಸಲಹೆಯಂತೆ ಮದೀನಾದ ರಕ್ಷಣೆಗಾಗಿ ತೋಡಿದ ಅಗಳು ಅದು. ನಮ್ಮ ಕಂದಕವೂ ಅರಬಿಯ ಖಂದಕ್ ಕೂಡಾ ಒಂದೇ ಕುಲದ ಪದಗಳು. ಇದೇ ಪದ ಯುರೋಪಿನ ಒಂದು ಪಟ್ಟಣದ ಹೆಸರಾಗಿ ಶತಮಾನಗಳ ಕಾಲ ಬಾಳಿತು. ಆ ಪಟ್ಟಣದ ಹೆಸರು ಕ್ಯಾಂಡಿಯಾ. ಇಂದು ಅದನ್ನು ಇರಾಕ್ಲಿಯೋ ಎನ್ನುತ್ತಾರೆ. ಗ್ರೀಸ್ ದೇಶಕ್ಕೆ ಸೇರಿದ ಕ್ರೀಟ್ ದ್ವೀಪದ ಅತಿ ದೊಡ್ಡ ಪಟ್ಟಣ ಅದು.

ಸ್ಪೇನಿನ ಕಾರ್ಡೋವಾದಲ್ಲಿ 818ರಲ್ಲಿ ಅಮೀರನ ವಿರುದ್ಧ ದಂಗೆಯೆದ್ದು ಗಡೀಪಾರಾದ ಮುಸ್ಲಿಮರ ಒಂದು ಗುಂಪು ಅಲೆಕ್ಸಾಂಡ್ರಿಯಾಕ್ಕೆ ಹೋಯಿತು. ಅಲ್ಲಿಂದಲೂ ಹೊರದಬ್ಬಲ್ಪಟ್ಟಾಗ ಅಬೂ ಹಫ್ಸ್ ಉಮರ್ ಎಂಬವರ ನಾಯಕತ್ವದಲ್ಲಿ 820ರ ದಶಕದಲ್ಲಿ ಕ್ರೀಟಿಗೆ ಬಂದಿಳಿಯಿತು. ಅವರು ಕಟ್ಟಿದ ಕೋಟೆಯ ಹೆಸರೇ ಅಲ್ ಖಂದಕ್. 961ರಲ್ಲಿ ಬೈಝಾಂಟಿಯನ್ ಸೇನಾನಿ ನಿಕೆಫೊರೊಸ್ ಫೋಕಾಸ್ ಅದನ್ನು ವಶಪಡಿಸಿದ. 13ನೇ ಶತಮಾನದಲ್ಲಿ ದ್ವೀಪವು ವೆನಿಸ್ ಗಣರಾಜ್ಯದ ಪಾಲಾಯಿತು. ಆಳುವವರು ಬದಲಾದರು, ಆದರೆ ಖಂದಕ್ ಎಂಬ ಹೆಸರು ಇಟಾಲಿಯನ್ನರ ಬಾಯಲ್ಲಿ ಕ್ಯಾಂಡಿಯಾ ಆಗಿ ಉಳಿಯಿತು.

ನಾನಿಂದು ಹೇಳಬಯಸುವುದು ಈ ಪಟ್ಟಣದ ಮುತ್ತಿಗೆಯ ಕತೆಯನ್ನು. 1648ರ ಮೇ ತಿಂಗಳಲ್ಲಿ ಉಸ್ಮಾನಿಯ ಸೇನೆ ಅದನ್ನು ಮುತ್ತಿತು. ಪಟ್ಟಣ ಶರಣಾದದ್ದು 1669ರ ಸೆಪ್ಟೆಂಬರಿನಲ್ಲಿ. ಅಂದರೆ 21 ವರ್ಷಗಳ ಬಳಿಕ. ಮುತ್ತಿಗೆಯ ಮೊದಲ ವರ್ಷದಲ್ಲಿ ಹುಟ್ಟಿದ ಮಗು ಅದರ ಕೊನೆಯ ವರ್ಷದಲ್ಲಿ ಅದೇ ಕಂದಕದಲ್ಲಿ ಸೈನಿಕನಾಗಿ ಸಾಯಲು ಸಾಧ್ಯವಿತ್ತು. ನಾನು ಪದವಿ ತರಗತಿಯಲ್ಲಿ ಇತಿಹಾಸ ಓದಿದಾಗ ಇದಕ್ಕೆ ಸಿಕ್ಕಿದ್ದು ಒಂದೇ ಸಾಲು: 1669ರಲ್ಲಿ ತುರ್ಕರು ಕ್ರೀಟನ್ನು ಗೆದ್ದರು. ನಮ್ಮ ವೇದಿಕೆಗಳಲ್ಲೂ ಅದೇ ಸಾಲು ಇನ್ನಷ್ಟು ಗಟ್ಟಿ ಧ್ವನಿಯಲ್ಲಿ ಕೇಳಿಬರುತ್ತದೆ. ಆದರೆ 1648 ಮತ್ತು 1669ರ ನಡುವೆ ಏನಿದೆ? ಆ ಗೆಲುವಿನ ಬೆಲೆ ಎಷ್ಟು? ಅದನ್ನು ತೆತ್ತವರು ಯಾರು? ಕೊನೆಗೆ ಅದು ಮುಗಿದದ್ದು ಹೇಗೆ? ಇವನ್ನು ಕೇಳದೆ ಇತಿಹಾಸ ಓದುವುದೆಂದರೆ ಅಂಗಡಿಯ ನಾಮಫಲಕ ಓದಿ ವ್ಯಾಪಾರ ತಿಳಿಯಿತು ಎಂದಂತೆ.

ಕಿಡಿ ಹೊತ್ತಿದ್ದು ಎಲ್ಲಿ?

1644ರ ಸೆಪ್ಟೆಂಬರ್. ಇಸ್ತಾಂಬುಲಿನಿಂದ ಅಲೆಕ್ಸಾಂಡ್ರಿಯಾದತ್ತ ಹೊರಟಿದ್ದ ಹಡಗುಗಳ ಮೇಲೆ ಮಾಲ್ಟಾದ ನೈಟ್‌ಗಳು ದಾಳಿ ಮಾಡಿದರು. ಹಡಗಿನಲ್ಲಿ ಹಜ್ಜ್ ಯಾತ್ರಿಕರಿದ್ದರು. ಅರಮನೆಯ ಅಂತಃಪುರದ ಮುಖ್ಯಾಧಿಕಾರಿಯಾಗಿದ್ದು ಪದಚ್ಯುತನಾಗಿದ್ದ ಸುಂಬುಲ್ ಆಗಾ ಎಂಬವನೂ ಇದ್ದ. ಅವನು ಹೋರಾಟದಲ್ಲಿ ಮೃತನಾದ. ನೂರಾರು ಮಂದಿ ಗುಲಾಮರಾಗಿ ಸೆರೆಸಿಕ್ಕರು. ಕೊಳ್ಳೆ ಹೊಡೆದವರು ಮರಳುವ ದಾರಿಯಲ್ಲಿ ಕ್ರೀಟ್ ದ್ವೀಪದ ದಕ್ಷಿಣ ತೀರದಲ್ಲಿ ತಂಗಿದರು. ದ್ವೀಪ ವೆನಿಸಿನದ್ದಾಗಿತ್ತು. ಆದ್ದರಿಂದ ವೆನಿಸ್ ಕಡಲ್ಗಳ್ಳರಿಗೆ ಆಶ್ರಯ ನೀಡಿದೆ ಎಂಬ ಆರೋಪ ಬಂತು.

ಅನ್ಯಾಯ ನಡೆದದ್ದು ನಿಜ. ಆದರೆ ಅನ್ಯಾಯಗೈದವರು ಮಾಲ್ಟಾದವರು. ಶಿಕ್ಷೆಯ ದಂಡು ಹೋದದ್ದು ಕ್ರೀಟಿಗೆ. ಉಸ್ಮಾನಿಯ ನೌಕಾಪಡೆ ಮಾಲ್ಟಾದತ್ತ ಹೊರಟಿದೆ ಎಂದೇ ಸುದ್ದಿ ಹಬ್ಬಿಸಲಾಗಿತ್ತು. 1645ರ ಜೂನ್‌ನಲ್ಲಿ ಸುಮಾರು 50 ಸಾವಿರ ಮಂದಿಯ ಸೇನೆ ಕ್ರೀಟಿನ ಚಾನಿಯಾ ಪಟ್ಟಣದ ಬಳಿ ಇಳಿಯಿತು. ಆಗಸ್ಟಿನಲ್ಲಿ ಚಾನಿಯಾ, 1646ರ ನವೆಂಬರಿನಲ್ಲಿ ರೆಥಿಮ್ನೋ ಬಿದ್ದವು. ಹಳ್ಳಿಗಾಡಿನ ಬಹುಭಾಗ ಬಹುಬೇಗನೆ ಕೈವಶವಾಯಿತು. ಇದಕ್ಕೆ ಕಾರಣವೂ ಇತ್ತು. ಗ್ರೀಕ್ ಆರ್ಥೊಡಾಕ್ಸ್ ಪಂಥದ ರೈತರು ಕ್ಯಾಥೊಲಿಕ್ ವೆನಿಸಿನ ತೆರಿಗೆ ಮತ್ತು ಬಿಟ್ಟಿ ಚಾಕರಿಯಿಂದ ರೋಸಿಹೋಗಿದ್ದರು. ನಾಲ್ಕು ಶತಮಾನಗಳಿಂದ ಅವರಿಗೆ ತಮ್ಮದೇ ಆರ್ಥೊಡಾಕ್ಸ್ ಬಿಷಪ್ ಹೊಂದುವ ಅವಕಾಶವಿರಲಿಲ್ಲ. ತನ್ನ ಪ್ರಜೆಗಳನ್ನು ಗೌರವಿಸದ ಆಡಳಿತಕ್ಕೆ ಆಪತ್ಕಾಲದಲ್ಲಿ ಪ್ರಜೆಗಳು ಆಸರೆಯಾಗುವುದಿಲ್ಲ. ಉಳಿದದ್ದು ಕ್ಯಾಂಡಿಯಾ ಮತ್ತು ಕೆಲವು ಕಡಲ ಕೋಟೆಗಳು ಮಾತ್ರ.

ಬೀಳದ ಗೋಡೆ

ಹಾಗಿದ್ದರೆ ಒಂದು ಪಟ್ಟಣ 21 ವರ್ಷ ನಿಂತದ್ದು ಹೇಗೆ? ಮೊದಲ ಕಾರಣ ಅದರ ಗೋಡೆ. 16ನೇ ಶತಮಾನದಲ್ಲಿ ಮಿಕೆಲೆ ಸನ್ಮಿಕೇಲಿಯಂತಹ ವಾಸ್ತುಶಿಲ್ಪಿಗಳು ಅದನ್ನು ಹೊಸದಾಗಿ ರೂಪಿಸಿದ್ದರು. ಫಿರಂಗಿ ಬಂದ ಮೇಲೆ ಎತ್ತರದ ತೆಳು ಗೋಡೆಗಳಿಗೆ ಬೆಲೆ ಇರಲಿಲ್ಲ. ಹೊಸ ಗೋಡೆಗಳು ತಗ್ಗಾಗಿದ್ದವು, ಆದರೆ ಬಹಳ ದಪ್ಪವಾಗಿದ್ದವು. ಒಳಗೆ ಮಣ್ಣು ತುಂಬಿದ್ದರಿಂದ ಗುಂಡು ಬಡಿದರೆ ಗೋಡೆ ಒಡೆಯದೆ ಗುಂಡನ್ನು ನುಂಗುತ್ತಿತ್ತು. ಬಾಣದ ಮೊನೆಯಂತೆ ಹೊರಚಾಚಿದ ಏಳು ಕೊತ್ತಲಗಳಿದ್ದವು. ಗೋಡೆಯ ಬುಡಕ್ಕೆ ಬಂದವನ ಮೇಲೆ ಎರಡು ಬದಿಗಳಿಂದ ಗುಂಡು ಹಾರುತ್ತಿತ್ತು. ಅದರ ಮುಂದೆ ವಿಶಾಲವಾದ ಕಂದಕವಿತ್ತು.

ಎರಡನೆಯ ಕಾರಣ ಸಮುದ್ರ. ಉಸ್ಮಾನಿಯರು ಆರಂಭದಲ್ಲೇ ಪಟ್ಟಣದ ನೀರಿನ ಕಾಲುವೆಯನ್ನು ಕಡಿದರು. ಆದರೆ ಬಂದರನ್ನು ಮುಚ್ಚಲು ಅವರಿಂದ ಸಾಧ್ಯವಾಗಲಿಲ್ಲ. ವೆನಿಸಿನ ಹಡಗುಗಳು ಧಾನ್ಯ, ಮದ್ದು, ಹೊಸ ಸೈನಿಕರನ್ನು ತಂದಿಳಿಸಿ ಗಾಯಾಳುಗಳನ್ನು ಒಯ್ಯುತ್ತಿದ್ದವು. ಅಷ್ಟೇ ಅಲ್ಲ, ವೆನಿಸಿನ ನೌಕಾಪಡೆ ಇಸ್ತಾಂಬುಲಿನ ಬಾಗಿಲಾದ ದಾರ್ದನೆಲ್ಸ್ ಜಲಸಂಧಿಯನ್ನೇ ಮತ್ತೆ ಮತ್ತೆ ತಡೆಗಟ್ಟಿತು. ಆಗ ದ್ವೀಪದಲ್ಲಿದ್ದ ಉಸ್ಮಾನಿಯ ಸೇನೆಗೆ ಆಹಾರವಾಗಲೀ ವೇತನವಾಗಲೀ ಸರಿಯಾಗಿ ತಲುಪುತ್ತಿರಲಿಲ್ಲ. ಮುತ್ತಿಗೆ ಹಾಕಿದವರೇ ಮುತ್ತಿಗೆಗೆ ಒಳಗಾಗಿದ್ದರು!

ಆದರೂ ಹಿಂದೆಗೆಯಲು ಯಾರೂ ಸಿದ್ಧರಿರಲಿಲ್ಲ. ಸೇನಾನಿ ಹುಸೇನ್ ಪಾಶಾ ಕ್ಯಾಂಡಿಯಾದ ಎದುರಿಗಿದ್ದ ದಿಬ್ಬದ ಮೇಲೆ ತನ್ನದೇ ಒಂದು ಕೋಟೆ ಕಟ್ಟಿಸಿದ. ಅದಕ್ಕೆ ಬಿದ್ದ ಹೆಸರು ಇನಾದಿಯಾ. ‘ಇನಾದ್’ ಎಂದರೆ ಹಠ ಎಂಬುದು ನಿಮ್ಮಲ್ಲಿ ಉರ್ದು, ಅರಬಿ ಬಲ್ಲವರಿಗೆ ತಿಳಿದಿದೆ. ಅದು ಹಠದ ಕೋಟೆ. ಈ 21 ವರ್ಷಗಳ ಸಾರವೆಲ್ಲ ಆ ಒಂದು ಹೆಸರಿನಲ್ಲಿದೆ ಎಂದು ನನಗನಿಸುತ್ತದೆ.

ಹಠದ ಬೆಲೆ

ಈ ಹಠಕ್ಕೆ ಇಸ್ತಾಂಬುಲ್ ತೆತ್ತ ಬೆಲೆಯನ್ನು ನೋಡಿ. ಚಾನಿಯಾವನ್ನು ಗೆದ್ದ ಯೂಸುಫ್ ಪಾಶಾನನ್ನು ಸುಲ್ತಾನ್ ಇಬ್ರಾಹೀಮ್ ಕೆಲವೇ ತಿಂಗಳಲ್ಲಿ ಕೊಲ್ಲಿಸಿದ. 1648ರ ಆಗಸ್ಟಿನಲ್ಲಿ ಇಬ್ರಾಹೀಮನೇ ಪದಚ್ಯುತನಾಗಿ ಹತನಾದ. ಆರು ವರ್ಷದ ಮಗು ಮುಹಮ್ಮದ್ ಸಿಂಹಾಸನವೇರಿತು. ಹಠದ ಕೋಟೆ ಕಟ್ಟಿದ ಹುಸೇನ್ ಪಾಶಾನಿಗೂ ಕೊನೆಗೆ ಸಿಕ್ಕಿದ್ದು ಮರಣದಂಡನೆಯೇ. 1656ರ ಮಾರ್ಚ್‌ನಲ್ಲಿ, ವೇತನವಿಲ್ಲದೆ, ಸಿಕ್ಕಿದರೂ ಬೆಲೆಯಿಲ್ಲದ ಕಳಪೆ ನಾಣ್ಯಗಳಲ್ಲಿ ಸಿಕ್ಕಿ ಕಂಗಾಲಾದ ಸೈನಿಕರು ರಾಜಧಾನಿಯಲ್ಲೇ ದಂಗೆಯೆದ್ದರು. ಅವರಲ್ಲಿ ಕ್ರೀಟಿನಿಂದ ಮರಳಿದವರೂ ಇದ್ದರು. ಅವರು ಅರಮನೆಯ ಅಧಿಕಾರಿಗಳನ್ನು ಹಿಡಿದು ಮೈದಾನದ ಒಂದು ಮರಕ್ಕೆ ನೇತುಹಾಕಿದರು. ಅದೇ ವರ್ಷದ ಜೂನ್‌ನಲ್ಲಿ ದಾರ್ದನೆಲ್ಸ್‌ನಲ್ಲಿ ಉಸ್ಮಾನಿಯ ನೌಕಾಪಡೆ ನಾಶವಾಯಿತು. ರಾಜಧಾನಿ ಸ್ವತಃ ಭಯದಿಂದ ನಡುಗಿತು. ದೂರದ ದ್ವೀಪದ ಒಂದು ಪಟ್ಟಣ ಗೆಲ್ಲಲು ಹೊರಟವರು ತಮ್ಮ ಮನೆಯನ್ನೇ ಕಳಕೊಳ್ಳುವ ಹಂತಕ್ಕೆ ಬಂದಿದ್ದರು.

ವೆನಿಸಿನ ಕತೆಯೂ ಭಿನ್ನವಾಗಿರಲಿಲ್ಲ. ವ್ಯಾಪಾರದಿಂದ ಬದುಕುತ್ತಿದ್ದ ಆ ಗಣರಾಜ್ಯಕ್ಕೆ ತನ್ನ ಅತಿ ದೊಡ್ಡ ಮಾರುಕಟ್ಟೆಯಾದ ಪೂರ್ವದ ಬಾಗಿಲು ಮುಚ್ಚಿತು. ಹಣಕ್ಕಾಗಿ ಅದು ತನ್ನ ಕುಲೀನ ಪಟ್ಟವನ್ನೇ ಮಾರಾಟಕ್ಕಿಟ್ಟಿತು. ಒಂದು ಲಕ್ಷ ಡುಕಾಟ್ ಕೊಟ್ಟ ಕುಟುಂಬದ ಹೆಸರು ಗಣ್ಯರ ಪಟ್ಟಿಗೆ ಸೇರುತ್ತಿತ್ತು. ಶತಮಾನಗಳಿಂದ ಮುಚ್ಚಿದ್ದ ಬಾಗಿಲನ್ನು ಯುದ್ಧದ ಸಾಲ ತೆರೆಯಿತು.

ಆದರೆ ಇವರೆಲ್ಲ ಕುಲೀನರು, ಪಾಶಾಗಳು. ನಿಜವಾದ ಬೆಲೆ ತೆತ್ತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ವೆನಿಸಿನ ಯುದ್ಧನೌಕೆಗಳ ಹುಟ್ಟಿಗೆ ಸರಪಳಿಯಿಂದ ಬಿಗಿಯಲ್ಪಟ್ಟವರಲ್ಲಿ ಮುಸ್ಲಿಮ್ ಸೆರೆಯಾಳುಗಳಿದ್ದರು. ಉಸ್ಮಾನಿಯ ನೌಕೆಗಳ ಹುಟ್ಟು ಹಾಕುತ್ತಿದ್ದವರಲ್ಲಿ ಕ್ರೈಸ್ತ ಸೆರೆಯಾಳುಗಳಿದ್ದರು. ಎದುರಾಳಿ ಹಡಗನ್ನು ಮುಳುಗಿಸಿದ ಪ್ರತಿಯೊಂದು ವಿಜಯದಲ್ಲೂ ಎರಡೂ ಕಡೆಯವರು ಸರಪಳಿ ಸಮೇತ ತಮ್ಮದೇ ಧರ್ಮಬಾಂಧವರನ್ನು ಮುಳುಗಿಸುತ್ತಿದ್ದರು. ಇನ್ನು ಕ್ರೀಟಿನ ರೈತನ ಪಾಡು ಏನು? ಅವನ ಆಲಿವ್ ತೋಪು ಒಬ್ಬರಿಗೆ ಸೌದೆಯಾಯಿತು, ಅವನ ಹೆಗಲು ಇನ್ನೊಬ್ಬರಿಗೆ ಮಣ್ಣು ಹೊರುವ ಬುಟ್ಟಿಯಾಯಿತು.

ನೆಲದಡಿಯ ಯುದ್ಧ

1656ರ ಸೆಪ್ಟೆಂಬರಿನಲ್ಲಿ ಕೊಪ್ರುಲು ಮುಹಮ್ಮದ್ ಪಾಶಾ ಪ್ರಧಾನ ವಝೀರನಾಗಿ ಬಂದು ಕಠಿಣ ಕೈಯಿಂದ ರಾಜ್ಯವನ್ನು ಸರಿಪಡಿಸಿದ. 1661ರಲ್ಲಿ ಅವನ ಬಳಿಕ ಆ ಹುದ್ದೆಗೆ ಬಂದವನು ಮಗ ಅಹ್ಮದ್ ಪಾಶಾ. ಆಗ ಅವನಿಗೆ ಇಪ್ಪತ್ತಾರರ ವಯಸ್ಸು. ಈ ಅಹ್ಮದ್ ಮೂಲತಃ ಯೋಧನಲ್ಲ, ಮದ್ರಸದಲ್ಲಿ ಕಲಿತು ಅಲ್ಲೇ ಅಧ್ಯಾಪಕನಾಗಿದ್ದವನು. ಅವನ ವಿದ್ವತ್ತಿನ ಕಾರಣಕ್ಕೆ ಜನರು ‘ಫಾಝಿಲ್’ ಎಂದು ಕರೆದರು. 1664ರಲ್ಲಿ ಆಸ್ಟ್ರಿಯಾದೊಂದಿಗೆ ಒಪ್ಪಂದ ಮಾಡಿಕೊಂಡು, 1666ರ ಕೊನೆಗೆ ಸ್ವತಃ ಕ್ರೀಟಿಗೆ ಬಂದ. 1667ರ ಮೇ ತಿಂಗಳಲ್ಲಿ ಅಂತಿಮ ಘಟ್ಟ ಆರಂಭವಾಯಿತು. ಒಳಗೆ ರಕ್ಷಣೆಯ ಹೊಣೆ ಹೊತ್ತಿದ್ದವನು ಫ್ರಾಂಚೆಸ್ಕೊ ಮೊರೊಸಿನಿ.

ಈ ಘಟ್ಟದ ಯುದ್ಧ ನಡೆದದ್ದು ಹೆಚ್ಚಾಗಿ ನೆಲದಡಿಯಲ್ಲಿ. ಮುತ್ತಿಗೆಯವರು ಗೋಡೆಯತ್ತ ಸುರಂಗ ತೋಡಿ ಬುಡದಲ್ಲಿ ಮದ್ದು ತುಂಬಿ ಸಿಡಿಸುತ್ತಿದ್ದರು. ಒಳಗಿನವರು ಎದುರು ಸುರಂಗ ತೋಡುತ್ತಿದ್ದರು. ಮಣ್ಣಿಗೆ ಕಿವಿಗೊಟ್ಟು ಗುದ್ದಲಿಯ ಸದ್ದು ಎತ್ತಣಿಂದ ಬರುತ್ತಿದೆಯೆಂದು ಆಲಿಸುವುದೇ ಒಂದು ಕಾಯಕವಾಗಿತ್ತು. ಕೆಲವೊಮ್ಮೆ ಎರಡು ಸುರಂಗಗಳು ಪರಸ್ಪರ ತೂತಾಗಿ, ಕತ್ತಲಲ್ಲಿ ಕಠಾರಿ, ಪಿಸ್ತೂಲುಗಳಿಂದ ಕಾದಾಟ ನಡೆಯುತ್ತಿತ್ತು. ಎರಡೂ ಕಡೆಯವರು ಸೇರಿ ಸಾವಿರಕ್ಕೂ ಹೆಚ್ಚು ಸಿಡಿಗುಂಡಿಗಳನ್ನು ಸ್ಫೋಟಿಸಿದರು. 1667ರ ಕೊನೆಯಲ್ಲಿ ಆಂದ್ರೆಯಾ ಬರೋಝಿ ಎಂಬ ವೆನಿಸಿನ ಇಂಜಿನಿಯರ್ ಪಕ್ಷಾಂತರ ಮಾಡಿ ಕೋಟೆಯ ದುರ್ಬಲ ಜಾಗಗಳನ್ನು ಬಯಲು ಮಾಡಿದ. ದಾಳಿಯು ಗೋಡೆ ಸಮುದ್ರವನ್ನು ಕೂಡುವ ಎರಡು ತುದಿಗಳಿಗೆ, ಸಂತ ಆಂದ್ರೆಯಾ ಮತ್ತು ಸಬ್ಬಿಯೊನಾರ ಕೊತ್ತಲಗಳಿಗೆ ತಿರುಗಿತು. ಇನ್ನು ಗೆಲುವು ಗಜ ಲೆಕ್ಕದ್ದಾಯಿತು. ಒಂದು ಗಜ ನೆಲಕ್ಕೆ ಒಂದು ದಿನ, ಒಂದು ದಿನಕ್ಕೆ ಹತ್ತಾರು ಹೆಣ.

1669ರ ಜೂನ್‌ನಲ್ಲಿ ಫ್ರಾನ್ಸಿನಿಂದ ಸುಮಾರು 6 ಸಾವಿರ ಮಂದಿ ನೆರವಿಗೆ ಬಂದರು. ಹದಿನಾಲ್ಕನೇ ಲೂಯಿಗೆ ಉಸ್ಮಾನಿಯರೊಂದಿಗೆ ಸ್ನೇಹವಿದ್ದುದರಿಂದ ಅವರು ಹಾರಿಸಿದ್ದು ಪೋಪರ ಧ್ವಜ! ಜೂನ್ 25ರ ನಸುಕಿನಲ್ಲಿ ಅವರು ಹೊರನುಗ್ಗಿ ಮೊದಲ ಕಂದಕಗಳನ್ನು ವಶಪಡಿಸಿದರು. ಅಷ್ಟರಲ್ಲಿ ಮದ್ದಿನ ದಾಸ್ತಾನೊಂದು ಸಿಡಿಯಿತು. ಇಡೀ ನೆಲವೇ ಸಿಡಿಯುತ್ತಿದೆಯೆಂಬ ಭೀತಿಯಲ್ಲಿ ಸೇನೆ ಚದುರಿತು. ಅವರ ನೌಕಾಧಿಪತಿ, ಬೋಫೋರ್ ಡ್ಯೂಕ್ ಅಲ್ಲೇ ಕಾಣೆಯಾದ. ಆಗಸ್ಟಿನಲ್ಲಿ ಉಳಿದ ಫ್ರೆಂಚರು ಹಡಗು ಹತ್ತಿ ಹೊರಟೇಹೋದರು. ಮೊರೊಸಿನಿಯ ಬಳಿ ಆಯುಧ ಹಿಡಿಯಬಲ್ಲವರು ನಾಲ್ಕು ಸಾವಿರವೂ ಉಳಿದಿರಲಿಲ್ಲ.

ಬಂಧುಗಳೇ, ಇಲ್ಲಿಂದಾಚೆಗಿನ ಹತ್ತಿಪ್ಪತ್ತು ದಿನಗಳು ನನಗೆ 21 ವರ್ಷಗಳಿಗಿಂತಲೂ ಮುಖ್ಯವಾಗಿ ಕಾಣುತ್ತವೆ.

ಮೊರೊಸಿನಿಯ ಮುಂದೆ ಎರಡು ದಾರಿಗಳಿದ್ದವು. ಕೊನೆಯವರೆಗೂ ಕಾದಾಡಿ ಒಳಗಿರುವ ಎಲ್ಲರನ್ನೂ ಸಾಯಿಸುವುದು, ಇಲ್ಲವೇ ಸಂಧಿ. ವೆನಿಸಿನ ಅನುಮತಿಗೆ ಕಾಯುವಷ್ಟು ಸಮಯವಿರಲಿಲ್ಲ. ಫಾಝಿಲ್ ಅಹ್ಮದನ ಮುಂದೆಯೂ ಎರಡು ದಾರಿಗಳಿದ್ದವು. ಗೋಡೆ ಇನ್ನೇನು ಬೀಳಲಿತ್ತು. ಆ ಕಾಲದ ಯುದ್ಧ ಪದ್ಧತಿಯಂತೆ, ಬಲದಿಂದ ಹೊಕ್ಕ ಪಟ್ಟಣವನ್ನು ಸೈನಿಕರ ಕೊಳ್ಳೆಗೆ ಬಿಡಬಹುದಿತ್ತು. ಯುರೋಪಿನಲ್ಲೂ ಏಷ್ಯಾದಲ್ಲೂ ಅದು ವಾಡಿಕೆಯಾಗಿತ್ತು. 21 ವರ್ಷಗಳ ಸೇಡು ಕುದಿಯುತ್ತಿದ್ದ ಸೇನೆ ಅದನ್ನೇ ನಿರೀಕ್ಷಿಸಿದ್ದರೆ ಅಚ್ಚರಿಯಿಲ್ಲ.

ಇಬ್ಬರೂ ಆರಿಸಿಕೊಂಡದ್ದು ಸಂಧಿಯನ್ನು. ಉಸ್ಮಾನಿಯರ ಪರವಾಗಿ ಮಾತುಕತೆಯಲ್ಲಿ ಪ್ರಮುಖ ಪಾತ್ರ ವಹಿಸಿದವನು ಪನಯೋಟಿಸ್ ನಿಕೂಸಿಯೋಸ್ ಎಂಬ ಗ್ರೀಕ್ ಕ್ರೈಸ್ತ ದುಭಾಷಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕರಾರಿಗೆ ಸಹಿ ಬಿತ್ತು. ಸೈನಿಕರು ತಮ್ಮ ಆಯುಧಗಳೊಂದಿಗೆ ಹೊರಡಬಹುದು. ನಾಗರಿಕರು ತಮ್ಮ ಸೊತ್ತುಗಳೊಂದಿಗೆ ಹೊರಡಬಹುದು. ಇಗರ್ಜಿಗಳ ಗಂಟೆಗಳನ್ನೂ ಪವಿತ್ರ ಅವಶೇಷಗಳನ್ನೂ ಸರಕಾರಿ ದಾಖಲೆಗಳನ್ನೂ ಒಯ್ಯಬಹುದು. ಗ್ರಾಂವೂಸಾ, ಸೂದಾ, ಸ್ಪಿನಾಲೊಂಗಾ ಎಂಬ ಮೂರು ಕಡಲ ಕೋಟೆಗಳು ವೆನಿಸಿಗೇ ಉಳಿಯುತ್ತವೆ.

ಆ ಕರಾರು ಪಾಲನೆಯಾಯಿತು. ಸೆಪ್ಟೆಂಬರ್ ಕೊನೆಯವರೆಗೂ ಹಡಗುಗಳು ಜನರನ್ನು ತುಂಬಿಸಿಕೊಂಡು ಹೊರಟವು. ಗೋಡೆ ಒಡೆದ ಸೇನೆ ಗೋಡೆಯ ಹೊರಗೆ ಕಾದು ನಿಂತಿತು. ಕೀಲಿಕೈಗಳು ಸಿಕ್ಕ ಮೇಲೆ ಫಾಝಿಲ್ ಅಹ್ಮದ್ ಪ್ರವೇಶಿಸಿದ್ದು ಹೆಚ್ಚುಕಡಿಮೆ ನಿರ್ಜನವಾಗಿದ್ದ ಪಟ್ಟಣಕ್ಕೆ. ಅಂದು ವೆನಿಸಿಗೆ ಹೋದ ದಾಖಲೆಗಳು ಇಂದಿಗೂ ಅಲ್ಲಿನ ಸರಕಾರಿ ಸಂಗ್ರಹದಲ್ಲಿವೆ. ಕ್ರೀಟಿನ ನಾಲ್ಕು ಶತಮಾನಗಳ ಇತಿಹಾಸವನ್ನು ವಿದ್ವಾಂಸರು ಬರೆದದ್ದು ಅವುಗಳಿಂದಲೇ. ಒಬ್ಬ ವಿಜೇತ ತನ್ನ ಮಾತಿಗೆ ನಿಂತದ್ದರಿಂದ ಒಂದು ಜನತೆಯ ನೆನಪು ಉಳಿಯಿತು.

ಸತ್ತವರ ಸಂಖ್ಯೆ ಎಷ್ಟು? ಇತಿಹಾಸ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಲೆಕ್ಕದಂತೆ ರಕ್ಷಕರ ಕಡೆಯಲ್ಲಿ ಸುಮಾರು 30 ಸಾವಿರ, ಮುತ್ತಿಗೆಯವರ ಕಡೆಯಲ್ಲಿ ದ್ವೀಪದ ಕೂಲಿಗಳು, ಗುಲಾಮರು ಸೇರಿ ಒಂದು ಲಕ್ಷಕ್ಕೂ ಹೆಚ್ಚು. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು. ಅರ್ಧಕ್ಕೆ ಇಳಿಸಿದರೂ ಅದು ಯಾವ ವಿಜಯೋತ್ಸವದ ಬಾಯಿಯನ್ನಾದರೂ ಮುಚ್ಚಿಸಬೇಕು.

ಮತ್ತೆ ಹಡಗುಗಳು

ಇಲ್ಲಿ ನಾನು ಯಾರನ್ನೂ ಸಂತನನ್ನಾಗಿಸಲು ಹೊರಟಿಲ್ಲ. ಮೊರೊಸಿನಿಯ ಮೇಲೆ ವೆನಿಸಿನಲ್ಲಿ ಹೇಡಿತನ ಮತ್ತು ದ್ರೋಹದ ಆರೋಪ ಹೊರಿಸಲಾಯಿತು. ಸಾವಿರಾರು ಜೀವ ಉಳಿಸಿದ್ದಕ್ಕೆ ಸಿಕ್ಕ ಬಹುಮಾನ ಅದು! ಕೊನೆಗೆ ಅವನು ದೋಷಮುಕ್ತನಾದ. ಆದರೆ 1687ರಲ್ಲಿ ಅದೇ ಮೊರೊಸಿನಿಯ ಸೇನೆ ಅಥೆನ್ಸಿನ ಮೇಲೆ ಹಾರಿಸಿದ ಗುಂಡಿಗೆ, ಉಸ್ಮಾನಿಯರು ಮದ್ದು ತುಂಬಿಟ್ಟಿದ್ದ ಪಾರ್ಥೆನಾನ್ ಛಿದ್ರವಾಯಿತು. ಫಾಝಿಲ್ ಅಹ್ಮದನ ಆಡಳಿತವು 1670ರ ಭೂ ದಾಖಲೆಯಲ್ಲಿ ರೈತರ ಜಮೀನನ್ನು ಅವರ ಖಾಸಗಿ ಸೊತ್ತೆಂದು ಮಾನ್ಯ ಮಾಡಿತು. ಉಸ್ಮಾನಿಯ ಆಡಳಿತದಲ್ಲಿ ಆರ್ಥೊಡಾಕ್ಸ್ ಧರ್ಮಾಧ್ಯಕ್ಷ ಪೀಠವೂ ಮರಳಿತು. ಆದರೆ ಪಟ್ಟಣದ ಪ್ರಮುಖ ಇಗರ್ಜಿಗಳು ಮಸೀದಿಗಳಾದವು. ಸಂತ ಟೈಟಸರ ಇಗರ್ಜಿಯು ವಝೀರ್ ಮಸೀದಿಯಾಯಿತು. ನಮ್ಮದನ್ನು ಬೇರೆಯವರು ಬದಲಿಸಿದಾಗ ನೋಯುವ ನಾವು ಇದನ್ನೂ ಹೇಳಲು ಕಲಿಯಬೇಕು. ಇಲ್ಲದಿದ್ದರೆ ನಮ್ಮ ನೋವಿಗೆ ಯಾರು ಬೆಲೆ ಕೊಟ್ಟಾರು?

ಕಾಲಚಕ್ರ ಉರುಳಿತು. ದ್ವೀಪದ ಬಹಳಷ್ಟು ಜನ ಇಸ್ಲಾಮ್ ಸ್ವೀಕರಿಸಿದರು. ಅವರ ಮನೆಮಾತು ಗ್ರೀಕ್ ಆಗಿಯೇ ಉಳಿಯಿತು. ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಧರ್ಮದವರಾಗಿ ಒಂದೇ ಭಾಷೆಯಲ್ಲಿ ಜಗಳವಾಡಿ, ಒಂದೇ ಭಾಷೆಯಲ್ಲಿ ಹಾಡಿ ಬಾಳಿದರು. ಆದರೆ 19ನೇ ಶತಮಾನದ ದಂಗೆಗಳು ಆ ಬಾಳನ್ನು ಒಡೆದವು. 1897 ಮತ್ತು 98ರಲ್ಲಿ ಎರಡೂ ಸಮುದಾಯಗಳ ನಿರಪರಾಧಿಗಳ ರಕ್ತ ಹರಿಯಿತು. 1898ರಲ್ಲಿ ಇದೇ ಕ್ಯಾಂಡಿಯಾದಲ್ಲಿ ಮುಸ್ಲಿಮ್ ಗುಂಪುಗಳು ನೂರಾರು ಕ್ರೈಸ್ತರನ್ನು ಕೊಂದವು. ಉಸ್ಮಾನಿಯ ಸೇನೆ ದ್ವೀಪ ಬಿಟ್ಟಿತು. 1923ರಲ್ಲಿ ಗ್ರೀಸ್ ಮತ್ತು ತುರ್ಕಿಯ ನಡುವಿನ ಜನ ವಿನಿಮಯ ಒಪ್ಪಂದದಂತೆ ಉಳಿದ ಮುಸ್ಲಿಮರೂ ಗಂಟುಮೂಟೆ ಕಟ್ಟಿದರು. ತುರ್ಕಿ ಭಾಷೆಯೇ ಸರಿಯಾಗಿ ಬಾರದ ಆ ಕ್ರೀಟಿನವರು ತುರ್ಕಿಯ ಕರಾವಳಿಯಲ್ಲಿ ಪರಕೀಯರಂತೆ ಇಳಿದರು. 1669ರಲ್ಲಿ ಸೋತವರ ಹಡಗುಗಳು, 1923ರಲ್ಲಿ ಗೆದ್ದವರ ಮರಿಮಕ್ಕಳ ಹಡಗುಗಳು. 21 ವರ್ಷ ಹೋರಾಡಿ ಪಡೆದ ನೆಲ ಯಾರಿಗೆ ದಕ್ಕಿತು?

ವಝೀರ್ ಮಸೀದಿ 1925ರಲ್ಲಿ ಮತ್ತೆ ಸಂತ ಟೈಟಸರ ಇಗರ್ಜಿಯಾಯಿತು. 1669ರಲ್ಲಿ ವೆನಿಸಿನವರು ಒಯ್ದಿದ್ದ ಸಂತನ ತಲೆಬುರುಡೆ 1966ರಲ್ಲಿ ಅಲ್ಲಿಗೆ ಮರಳಿತು. ಸುಮಾರು ಮುನ್ನೂರು ವರ್ಷಗಳ ಬಳಿಕ! ಫಾಝಿಲ್ ಅಹ್ಮದನ ಕರಾರು ಇಲ್ಲದಿರುತ್ತಿದ್ದರೆ ಮರಳಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವನ ಕಡೆಯಿಂದ ಇಂದಿಗೂ ಉಳಿದಿರುವುದು ಇನ್ನೊಂದಿದೆ. ಅವನು 1676ರಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ ತೀರಿಕೊಂಡ. ಅವನ ಮನೆತನದವರು ವಕ್ಫ್ ಮಾಡಿದ ಕೊಪ್ರುಲು ಗ್ರಂಥಾಲಯ ಇಸ್ತಾಂಬುಲಿನಲ್ಲಿ ನಿಂತಿದೆ. ಅವನು ಸಂಗ್ರಹಿಸಿದ ಹಸ್ತಪ್ರತಿಗಳು ಅದರಲ್ಲಿವೆ. ಗೆದ್ದ ದ್ವೀಪ ಕೈಬಿಟ್ಟಿತು, ಪುಸ್ತಕಗಳು ಉಳಿದವು. ಕ್ಯಾಂಡಿಯಾದ ಗೋಡೆಗಳೂ ಇವೆ. ಅವುಗಳ ಮಾರ್ತಿನೆಂಗೊ ಕೊತ್ತಲದ ಮೇಲೆ ಆ ಊರಿನವನೇ ಆದ ಗ್ರೀಕ್ ಲೇಖಕ ನಿಕೋಸ್ ಕಝಾಂಝಾಕಿಸ್‌ನ ಸಮಾಧಿ ಇದೆ. ಸಾವಿರಾರು ಮಂದಿ ಸತ್ತ ಕಂದಕದ ಬಳಿ ಇಂದು ಜನರು ಸಂಜೆಯ ಹೊತ್ತು ಅಡ್ಡಾಡುತ್ತಾರೆ.

ಸಹೋದರರೇ, ಕೋಟೆಗಳು ಮಾತ್ರ ಮುತ್ತಿಗೆಗೆ ಒಳಗಾಗುವುದಲ್ಲ. ಮನೆಗಳಲ್ಲಿ, ಮೊಹಲ್ಲಾಗಳಲ್ಲಿ, ಸಮುದಾಯಗಳ ನಡುವೆ ಇಪ್ಪತ್ತು ವರ್ಷ ಎಳೆದ ಹಠಗಳನ್ನು ನಾವು ಬಲ್ಲೆವು. ಆರಂಭದ ಕಾರಣ ಯಾರಿಗೂ ನೆನಪಿರುವುದಿಲ್ಲ. ಆದರೆ ಇನಾದಿಯಾ ಮಾತ್ರ ಎದುರಿಗೆ ನಿಂತಿರುತ್ತದೆ. ಅದನ್ನು ಮುಗಿಸಲು ಬೇಕಾದದ್ದು ಇನ್ನೊಂದು ಸುರಂಗವಲ್ಲ. ಸಾಕು ಎನ್ನುವ ಧೈರ್ಯ ಒಬ್ಬನಿಗೆ ಬೇಕು, ಕೊಟ್ಟ ಮಾತನ್ನು ಉಳಿಸುವ ನಿಷ್ಠೆ ಇನ್ನೊಬ್ಬನಿಗೆ ಬೇಕು. ಮೊದಲನೆಯವನನ್ನು ಹೇಡಿ ಎನ್ನುವರು, ಎರಡನೆಯವನನ್ನು ಮೆದು ಎನ್ನುವರು. ಎನ್ನಲಿ. ಹಡಗು ಹತ್ತಿ ಜೀವ ಉಳಿಸಿಕೊಂಡ ತಾಯಂದಿರು ಹಾಗೆ ಹೇಳಿರಲಾರರು.

ಮುಂದೆ ಯಾರಾದರೂ ‘1669ರಲ್ಲಿ ಕ್ರೀಟ್ ಗೆದ್ದರು’ ಎಂದು ನಿಮ್ಮ ಮುಂದೆ ಹೇಳಿದರೆ, 21 ವರ್ಷಗಳ ಆ ಕಂದಕವನ್ನು ನೆನೆಯಿರಿ. ಅದರ ಕೊನೆಯಲ್ಲಿ ಬರೆಯಲ್ಪಟ್ಟ ಆ ಒಂದು ಕಾಗದವನ್ನೂ ನೆನೆಯಿರಿ.